ಸಾಲ ತೀರದ ಕಾರು ಕೊಳ್ಳುವ ಮುಂಚೆ

ಮೆಲ್ಬರ್ನ್‌ಗೆ ಬಂದು ಐದು ವಾರ ಆಯ್ತು, ಟಾರ್ನೀಟ್‌ನಲ್ಲಿ ಮನೆ ಮಾಡಿದ್ದೀರಿ, ಬಸ್ಸು ನಂಬಿಕೊಂಡರೆ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗೋಕೆ ಆಗಲ್ಲ. ಕನ್ನಡದವರೇ ಒಬ್ಬರು ತಮ್ಮ 2018ರ ಕೊರೊಲ್ಲಾವನ್ನು 17,500 ಡಾಲರ್‌ಗೆ ಕೊಡುತ್ತೇನೆ ಅಂದಿದ್ದಾರೆ. ಅದರ ಮೇಲೆ ಸುಮಾರು 6,000 ಡಾಲರ್ ಸಾಲ ಇದೆ, "ನೀವು ದುಡ್ಡು ಕೊಟ್ಟ ಕೂಡಲೇ ಬ್ಯಾಂಕಿಗೆ ಕಟ್ಟಿಬಿಡ್ತೀನಿ" ಅಂತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಕಾರು ತಗೊಳ್ಳಿ, ತೊಂದರೆ ಇಲ್ಲ. ಆದರೆ ದುಡ್ಡನ್ನು ಅವರು ಹೇಳಿದ ಹಾಗೆ ಮಾತ್ರ ಕೊಡಬೇಡಿ.

ನಮ್ಮೂರಲ್ಲಿ ಕಾರಿನ ಮೇಲೆ ಸಾಲ ಇದ್ದರೆ ಆರ್‌ಸಿಯಲ್ಲೇ ಹೈಪಾಥಿಕೇಶನ್ ಅಂತ ಬ್ಯಾಂಕಿನ ಹೆಸರು ಇರುತ್ತೆ. ಬ್ಯಾಂಕಿನಿಂದ ಎನ್‌ಒಸಿ ತಂದು, ಫಾರ್ಮ್ 35 ಕೊಟ್ಟು, ಆರ್‌ಟಿಒದಲ್ಲಿ ಆ ಹೆಸರು ತೆಗೆಸಬೇಕು. ಹಾಗಾಗಿ ಆರ್‌ಸಿ ನೋಡಿದರೆ ಸಾಕು ಅನ್ನೋ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಹಾಗಲ್ಲ. ಇಲ್ಲಿಯ ಆರ್‌ಟಿಒ ಥರದ ವಿಕ್‌ರೋಡ್ಸ್ ಕೊಡುವ ರಿಜಿಸ್ಟ್ರೇಷನ್ ಕಾಗದದಲ್ಲಿ ಸಾಲದ ಸುದ್ದಿಯೇ ಇರುವುದಿಲ್ಲ. ಅದರಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಕಾರು ಅವರದ್ದೇ ಅಂತಲೂ ಆಗುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ. 2013ರಲ್ಲಿ ಡ್ಯಾಂಡನಾಂಗ್ ಕಡೆ ಒಬ್ಬರ ಹತ್ತಿರ 9,000 ಡಾಲರ್ ಕೊಟ್ಟು ಒಂದು ಕಾರು ತಗೊಂಡೆ. ಒಳ್ಳೆಯ ಮಾತು, ಮನೆಯೊಳಗೆ ಕರೆದು ಟೀ ಕೊಟ್ಟರು, ಕಾಗದ ಎಲ್ಲ ಸರಿಯಾಗೇ ಕಾಣುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ಒಂದು ಫೈನಾನ್ಸ್ ಕಂಪನಿಯಿಂದ ಪತ್ರ ಬಂತು: 4,200 ಡಾಲರ್ ಬಾಕಿ ಇದೆ, ಕಟ್ಟಿ, ಇಲ್ಲವಾದರೆ ಕಾರು ಎತ್ತಿಕೊಂಡು ಹೋಗುತ್ತೇವೆ. ಮಾರಿದವರ ಫೋನ್ ಸ್ವಿಚ್ ಆಫ್. ಸಾಲ ಮಾಡಿದ್ದು ನಾನಲ್ಲ ಅಂತ ಎಷ್ಟು ಹೇಳಿದರೂ ಪ್ರಯೋಜನ ಆಗಲಿಲ್ಲ, ಯಾಕೆಂದರೆ ಆ ಸಾಲ ನಾನು ಕಾರು ಕೊಳ್ಳುವ ಮುಂಚಿನಿಂದಲೂ ಸರ್ಕಾರದ ರಿಜಿಸ್ಟರ್‌ನಲ್ಲಿ ದಾಖಲಾಗಿತ್ತು, ನಾನು ನೋಡಿರಲಿಲ್ಲ, ಅಷ್ಟೆ. ಮಗಳು ಆಗ ಎರಡು ತಿಂಗಳ ಕೂಸು, ಕಾರಿಲ್ಲದೆ ಆಗುತ್ತಿರಲಿಲ್ಲ. ಕಂತು ಕಂತಾಗಿ ನಾನೇ ಕಟ್ಟಿದೆ. ಆ ಚಳಿಗಾಲ ನಮ್ಮ ಮನೆ ಹೇಗೆ ನಡೆಯಿತು ಅನ್ನೋದು ನಮಗೇ ಗೊತ್ತು.

ಆ ರಿಜಿಸ್ಟರ್‌ಗೆ ಪಿಪಿಎಸ್‌ಆರ್ (ಪರ್ಸನಲ್ ಪ್ರಾಪರ್ಟಿ ಸೆಕ್ಯುರಿಟೀಸ್ ರಿಜಿಸ್ಟರ್) ಅಂತಾರೆ. ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ಇತ್ತು, 2012ರ ಜನವರಿಯಿಂದ ಇಡೀ ಆಸ್ಟ್ರೇಲಿಯಾಕ್ಕೆ ಒಂದೇ. ಸರ್ಕಾರದ ಸೈಟಿನಲ್ಲಿ ಒಂದು ಸಲ ಹುಡುಕೋಕೆ 2 ಡಾಲರ್. ಅದೇ ಥರ ಕಾಣುವ ಖಾಸಗಿ ಸೈಟುಗಳು ಹತ್ತಿಪ್ಪತ್ತು ಪಟ್ಟು ಜಾಸ್ತಿ ತಗೊಳ್ಳುತ್ತವೆ, ವಿಳಾಸದ ಕೊನೆಯಲ್ಲಿ ಸರ್ಕಾರದ್ದು ಅನ್ನೋ ಗುರುತು (.gov.au) ಇದೆಯಾ ನೋಡಿಕೊಳ್ಳಿ. ಹುಡುಕೋದು ವಿನ್ ನಂಬರಿನಿಂದ, ಅಂದರೆ ಒಂದೊಂದು ಕಾರಿಗೂ ಇರುವ ಅದರದ್ದೇ ಗುರುತಿನ ನಂಬರು, 17 ಅಕ್ಷರ-ಅಂಕಿ ಇರುತ್ತೆ. ಆ ನಂಬರನ್ನು ಮಾರುವವರ ಮೆಸೇಜಿನಿಂದ ತಗೊಳ್ಳಬೇಡಿ, ಕಾರಿನ ಹತ್ತಿರ ಹೋಗಿ ಮುಂದಿನ ಗಾಜಿನ ಕೆಳಗೋ ಬಾಗಿಲ ಪಕ್ಕದ ಪಟ್ಟಿಯಲ್ಲೋ ನೀವೇ ಓದಿ ಬರೆದುಕೊಳ್ಳಿ. ಕಾರಿನ ಮೇಲೆ ಸಾಲ ಇದೆಯಾ, ಕಳುವಿನ ಕಾರಾ, ಅಪಘಾತದಲ್ಲೋ ನೆರೆಯಲ್ಲೋ ಹಾಳಾಗಿ ರೈಟ್-ಆಫ್ ಆಗಿದ್ದಾ, ಎಲ್ಲ ಆ ಸರ್ಟಿಫಿಕೇಟಿನಲ್ಲಿ ಬರುತ್ತೆ. ಎಷ್ಟು ಬಾಕಿ ಅನ್ನೋದು ಮಾತ್ರ ಬರುವುದಿಲ್ಲ. ಅದಕ್ಕೇ 6,000 ಅನ್ನೋ ಲೆಕ್ಕವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ. 9,000 ಇರಬಹುದು.

ಇನ್ನು ದುಡ್ಡು ಕೊಡುವ ರೀತಿ. ಸಾಲ ಕೊಟ್ಟವರಿಂದ ಪೇಔಟ್ ಲೆಟರ್ ತರಿಸಿ ಅಂತ ಮಾರುವವರಿಗೆ ಹೇಳಿ. ಇಂಥ ತಾರೀಖಿನೊಳಗೆ ಇಷ್ಟು ಕಟ್ಟಿದರೆ ಸಾಲ ಪೂರ್ತಿ ಮುಗೀತು ಅಂತ ಅದರಲ್ಲಿ ಇರುತ್ತೆ, ದಿನದ ಬಡ್ಡಿ, ಬೇಗ ಮುಗಿಸೋದಕ್ಕೆ ಫೀ ಇದ್ದರೆ ಅದೂ ಸೇರಿರುತ್ತೆ. ಆಮೇಲೆ ಇಬ್ಬರೂ ಒಟ್ಟಿಗೆ ಕೂತು, ಸ್ಪೀಕರ್ ಹಾಕಿ ಬ್ಯಾಂಕಿಗೆ ಫೋನ್ ಮಾಡಿ. ಸಾಲ ಅವರ ಹೆಸರಲ್ಲಿರೋದರಿಂದ ಅವರು ಒಪ್ಪಿಗೆ ಕೊಡದೆ ಬ್ಯಾಂಕು ನಿಮ್ಮ ಹತ್ತಿರ ಏನೂ ಹೇಳುವುದಿಲ್ಲ. ಬ್ಯಾಂಕಿನ ನಂಬರನ್ನು ಲೆಟರಿನಿಂದ ತಗೊಳ್ಳದೆ ಬ್ಯಾಂಕಿನ ಸೈಟಿನಿಂದಲೇ ತಗೊಳ್ಳಿ. ಸಾಲದ ಮೊತ್ತವನ್ನು ನೇರ ಸಾಲದ ಖಾತೆಗೇ ಹಾಕಿ, ಉಳಿದದ್ದನ್ನು ಮಾತ್ರ ಅವರಿಗೆ ಕೊಡಿ. ಸಾಲ ತೀರಿತು, ಕಾರಿನ ಮೇಲೆ ನಮ್ಮ ಹಕ್ಕಿಲ್ಲ ಅಂತ ಬ್ಯಾಂಕಿನಿಂದ ಬರವಣಿಗೆಯಲ್ಲಿ ಬರಬೇಕು. ರಿಜಿಸ್ಟರ್‌ನಿಂದ ಸಾಲದ ದಾಖಲೆ ಹೋಗೋಕೆ ಕೆಲವು ದಿನ ಹಿಡಿಯುತ್ತೆ, ಆಗ ಇನ್ನೊಂದು 2 ಡಾಲರ್ ಕೊಟ್ಟು ಮತ್ತೆ ನೋಡಿ, ಆ ಸರ್ಟಿಫಿಕೇಟನ್ನು ಎತ್ತಿಡಿ.

ಸಾಲ ಇಲ್ಲ ಅಂತ ಹೇಳುವ ಬೇರೆ ಕಾರು ನೋಡಿದರೂ ರಿಜಿಸ್ಟರ್‌ನಲ್ಲಿ ಹುಡುಕೋದನ್ನು ಬಿಡಬೇಡಿ. ಸರ್ಟಿಫಿಕೇಟ್ ಕ್ಲಿಯರ್ ಅಂತ ಬಂದ ದಿನ ಅಥವಾ ಮಾರನೆಯ ದಿನದೊಳಗೆ ಕೊಂಡರೆ ನಿಮಗೆ ಕಾನೂನಿನ ರಕ್ಷಣೆ ಇರುತ್ತೆ, ವಾರದ ಹಿಂದೆ ನೋಡಿದ್ದನ್ನು ನೆಚ್ಚಿಕೊಳ್ಳಬೇಡಿ.

ನಿಮಗೆ ನಿಜವಾಗಿ ಕಷ್ಟ ಆಗ್ತಿರೋದು ಇದಲ್ಲ, ಅಲ್ವಾ? ಕನ್ನಡದವರು, ಮೊದಲ ವಾರ ಊಟಕ್ಕೆ ಕರೆದವರು, ಅವರ ಹತ್ತಿರ ಲೆಟರ್ ತನ್ನಿ ಅಂತ ಹೇಗೆ ಕೇಳೋದು ಅಂತ. ಕೇಳಿ. ಅವರು ಒಳ್ಳೆಯವರೇ ಇರಬಹುದು, ಸಾಲ ಇದೆ ಅಂತ ಮುಚ್ಚಿಡದೆ ಹೇಳಿದ್ದಾರೆ. ಆದರೆ ನೀವು ದುಡ್ಡು ಹಾಕಿದ ದಿನವೇ ಅವರಿಗೆ ಬೇರೆ ಏನೋ ತುರ್ತು ಖರ್ಚು ಬಂದರೆ, ಅಥವಾ ಬ್ಯಾಂಕಿಗೆ ಕಟ್ಟೋದು ನಾಳೆ ನಾಡಿದ್ದು ಅಂತ ಮುಂದೆ ಹೋದರೆ, ಸಾಲ ನಿಮ್ಮ ಮನೆ ಮುಂದೆ ನಿಂತಿರುವ ಕಾರಿನ ಮೇಲೇ ಇರುತ್ತೆ. "ಅಣ್ಣಾ, ನನಗೆ ಇಲ್ಲಿಯದು ಏನೂ ಗೊತ್ತಿಲ್ಲ, ಬ್ಯಾಂಕಿಗೆ ನಾನೇ ನೇರ ಕಟ್ಟಿಬಿಡ್ತೀನಿ" ಅಂತ ಹೇಳಿ. ಒಪ್ಪದೆ ಸಿಟ್ಟು ಮಾಡಿಕೊಂಡರೆ ಆ ಕಾರು ಬಿಡಿ, ಈ ಊರಲ್ಲಿ ಕೊರೊಲ್ಲಾಗೆ ಬರ ಇಲ್ಲ.

ಕಾರು ರಸ್ತೆಗೆ ಇಳಿಸಲು ಸುರಕ್ಷಿತ ಅಂತ ಹೇಳುವ ರೋಡ್‌ವರ್ದಿ ಸರ್ಟಿಫಿಕೇಟ್ ಮಾರುವವರೇ ಕೊಡಬೇಕು, 30 ದಿನದೊಳಗಿನದಾಗಿರಬೇಕು. ಸ್ಟಾಂಪ್ ಡ್ಯೂಟಿ ನಿಮ್ಮ ಖರ್ಚು, ಅದಕ್ಕೂ ದುಡ್ಡು ಇಟ್ಟುಕೊಂಡಿರಿ.

ಹೊಸ ಖಾತೆಗೆ ಮೊದಲ ಸಲ ದೊಡ್ಡ ಮೊತ್ತ ಹಾಕಿದರೆ ನಿಮ್ಮ ಬ್ಯಾಂಕು ಒಂದು ದಿನ ತಡೆಹಿಡಿಯಬಹುದು, ದಿನಕ್ಕೆ ಇಷ್ಟೇ ಅನ್ನೋ ಮಿತಿಯೂ ಇರುತ್ತೆ. ಅದಕ್ಕೆ ಮೊದಲೇ ಫೋನ್ ಮಾಡಿ ಮಿತಿ ಏರಿಸಿಕೊಳ್ಳಿ, ವ್ಯವಹಾರವನ್ನು ಶನಿವಾರ ಬಿಟ್ಟು ವಾರದ ದಿನವೇ ಇಟ್ಟುಕೊಳ್ಳಿ. ನಾನು ನಿಮ್ಮ ಹತ್ತಿರದ ವೆರಿಬಿಯಲ್ಲೇ ಇರೋದು. ಪೇಔಟ್ ಲೆಟರ್ ಬಂದ ಮೇಲೆ ಹೇಳಿ, ಗುರುವಾರ ನನಗೆ ರಜೆ, ಜೊತೆಗೆ ಬಂದು ಕೂರುತ್ತೇನೆ.