ಆಪ್ತ ಸಲಹೆ: ‘ನೀವು ಯಾವ ದೇಶದವರು?’

ಪ್ರಶ್ನೆ: ನಾನು ಯಲ್ಲಾಪುರ ತಾಲ್ಲೂಕಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವಳು, ವಯಸ್ಸು 27. ಧಾರವಾಡದಲ್ಲಿ ಬಿ.ಕಾಂ. ಮುಗಿಸಿ ನಾಲ್ಕು ವರ್ಷಗಳಿಂದ ಬೆಂಗಳೂರಿನ ಖಾಸಗಿ ಕಂಪನಿಯೊಂದರ ಸ್ವಾಗತ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಬರುವವರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತು ತೆಗೆಯುತ್ತಾರೆ. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆರಗಾಗಿ ‘ನೀವು ಯಾವ ದೇಶದವರು, ಕನ್ನಡ ಎಲ್ಲಿ ಕಲಿತಿರಿ’ ಎನ್ನುತ್ತಾರೆ. ಹೋದ ತಿಂಗಳು ಮೇಲಧಿಕಾರಿ ಕರೆದು, ನನ್ನ ಕೂದಲು ನೀಟಾಗಿ ಕಾಣುವುದಿಲ್ಲವೆಂದೂ, ನೇರ ಮಾಡಿಸಿಕೊಂಡರೆ ಇಲ್ಲೇ ಇರಬಹುದೆಂದೂ, ಇಲ್ಲವಾದರೆ ಹಿಂದಿನ ಕೋಣೆಯ ಕಡತ ವಿಭಾಗಕ್ಕೆ ಹೋಗಬೇಕೆಂದೂ ಹೇಳಿದರು. ಅಲ್ಲಿ ಸಂಬಳ ಇಷ್ಟೇ, ಆದರೆ ಬಡ್ತಿಯ ದಾರಿಯಿಲ್ಲ. ಇದು ಭೇದಭಾವವಲ್ಲವೇ ಎಂದಿದ್ದಕ್ಕೆ, ‘ಸ್ವಾಗತದಲ್ಲಿರುವವರೆಲ್ಲ ಹೆಂಗಸರೇ, ಸೆಕ್ಯೂರಿಟಿಯಲ್ಲಿ ನಿಮ್ಮವನೇ ಒಬ್ಬ ಸಿದ್ದಿ ಹುಡುಗನಿದ್ದಾನೆ, ಭೇದ ಎಲ್ಲಿ ಬಂತು’ ಎಂದರು. ವಾರ್ಷಿಕೋತ್ಸವದಲ್ಲಿ ನಮ್ಮ ಡಮಾಮಿ ಕುಣಿತ ಮಾಡಬೇಕೆಂದು ಕೇಳಿರುವವರೂ ಅವರೇ. ಎರಡು ವರ್ಷದ ಹಿಂದೆ ಒಮ್ಮೆ ಕೂದಲು ನೇರ ಮಾಡಿಸಿಕೊಂಡಿದ್ದೆ. ನೆತ್ತಿ ಸುಟ್ಟು ವಾರಗಟ್ಟಲೆ ಉರಿಯಿತು. ಆ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ನನ್ನ ತಲೆಯ ಮೇಲೆ ಕೈಯಾಡಿಸಿ, ಏನೂ ಹೇಳದೆ ಕೈ ತೆಗೆದರು. ಬಾಡಿಗೆ ಮನೆ ಕೇಳಲು ಹೋದರೆ ಪಾಸ್‌ಪೋರ್ಟ್ ತೋರಿಸು ಎನ್ನುತ್ತಾರೆ. ಊರಿನಲ್ಲಿ ನನ್ನ ಹೆಸರು ಹೇಳಿ ಹುಡುಗಿಯರನ್ನು ಶಾಲೆಗೆ ಕಳಿಸುತ್ತಾರೆ, ಆದ್ದರಿಂದ ಅವ್ವನಿಗೆ ಇದ್ಯಾವುದನ್ನೂ ಹೇಳಿಲ್ಲ. ‘ನಾನು ಆಫ್ರಿಕಾದವಳಲ್ಲ’ ಎಂದು ಚೀಟಿ ಬರೆದು ಕೊರಳಿಗೆ ಕಟ್ಟಿಕೊಳ್ಳಬೇಕೆನಿಸುತ್ತದೆ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಕೂದಲು ನೇರ ಮಾಡಿಸಲೇ, ಹಿಂದಿನ ಕೋಣೆಗೆ ಹೋಗಲೇ, ಊರಿಗೆ ಮರಳಲೇ?
ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ. ಕೂದಲನ್ನು ಮುಟ್ಟಿಸಬೇಡಿ. ನಿಮ್ಮ ನೆತ್ತಿ ಒಮ್ಮೆ ಸುಟ್ಟಿದೆ, ನನ್ನ ಮಟ್ಟಿಗೆ ಅಷ್ಟೇ ಕಾರಣ ಸಾಕು. ಇನ್ನೂ ಬೇಕೆಂದರೆ ಇದನ್ನೂ ತಿಳಿದಿರಿ: ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,000ಕ್ಕೂ ಹೆಚ್ಚು ಹೆಂಗಸರ ಆರೋಗ್ಯವನ್ನು ಸುಮಾರು ಹನ್ನೊಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೂದಲು ನೇರಗೊಳಿಸುವ ರಾಸಾಯನಿಕಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸುವವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಅಪಾಯ ಬಳಸದವರಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಆ ಅಪಾಯ ಒಟ್ಟಾರೆಯಾಗಿ ಸಣ್ಣದೇ, ಒಮ್ಮೆ ಮಾಡಿಸಿಕೊಂಡದ್ದಕ್ಕೆ ಹೆದರಬೇಕಿಲ್ಲ. ಆದರೆ ಆ ಸ್ವಾಗತದ ಕುರ್ಚಿಯನ್ನು ಉಳಿಸಿಕೊಳ್ಳಬೇಕಾದರೆ ಒಮ್ಮೆ ಮಾಡಿಸಿದರೆ ಮುಗಿಯುವುದಿಲ್ಲ. ಬೇರಿನಲ್ಲಿ ಹೊಸ ಸುರುಳಿ ಹುಟ್ಟಿದಾಗಲೆಲ್ಲ ಮತ್ತೆ ಪಾರ್ಲರಿಗೆ ಹೋಗಿ ಕೂರಬೇಕು. ತಲೆಯ ಮೇಲೆ ತಾನಾಗಿ ಬೆಳೆಯುವುದನ್ನು ತಿಂಗಳು ತಿಂಗಳೂ ಅಳಿಸುತ್ತಿರಬೇಕೆಂಬ ಷರತ್ತನ್ನು ಆ ಕಚೇರಿಯಲ್ಲಿ ಬೇರೆ ಯಾರ ಮುಂದೆಯೂ ಇಟ್ಟಿಲ್ಲ.

ಇನ್ನು ನಿಮ್ಮ ಮೇಲಧಿಕಾರಿಯ ವಾದ. ಹೆಂಗಸರೂ ಇದ್ದಾರೆ, ಸಿದ್ದಿಯೂ ಇದ್ದಾನೆ, ಹಾಗಾಗಿ ಭೇದವಿಲ್ಲ ಎಂಬ ಈ ಮಾತನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ, ಏಕೆಂದರೆ ಇದೇ ಮಾತು ಬಹುಮಟ್ಟಿಗೆ ಇದೇ ರೂಪದಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಗೆದ್ದಿತ್ತು. ಸೇಂಟ್ ಲೂಯಿಸ್ ನಗರದಲ್ಲಿ ಎಮ್ಮಾ ಡಿಗ್ರಾಫನ್‌ರೀಡ್ ಮತ್ತು ಇನ್ನು ನಾಲ್ವರು ಕಪ್ಪು ಹೆಂಗಸರು ಜನರಲ್ ಮೋಟರ್ಸ್ ಕಂಪನಿಯ ಮೇಲೆ ದಾವೆ ಹೂಡಿದ್ದರು. 1964ಕ್ಕೆ ಮೊದಲು ಆ ಕಂಪನಿ ಅಲ್ಲಿ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮುಂದೆ ಕಷ್ಟಕಾಲ ಬಂದಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮದಡಿ ಅವರೇ ಹೊರಬಿದ್ದರು. 1976ರಲ್ಲಿ ನ್ಯಾಯಾಲಯ ಕೊಟ್ಟ ಉತ್ತರವೆಂದರೆ, ಕಂಪನಿ ಹೆಂಗಸರನ್ನು ನೇಮಿಸಿಕೊಂಡಿದೆ, ಆದ್ದರಿಂದ ಹೆಣ್ಣೆಂಬ ಭೇದವಿಲ್ಲ. ವರ್ಣಭೇದದ ದೂರಿದ್ದರೆ ಕಪ್ಪು ಜನರ ಬೇರೆ ದಾವೆಯೊಡನೆ ಸೇರಿಕೊಳ್ಳಿ. ಎರಡನ್ನೂ ಕೂಡಿಸಿ ಹೊಸದೊಂದು ವರ್ಗವನ್ನು ಸೃಷ್ಟಿಸಲಾಗದು. ಆ ಹೆಂಗಸರು ಬಿಳಿಯರಾಗಿದ್ದರೆ ಆಫೀಸಿನಲ್ಲಿ ಉಳಿಯುತ್ತಿದ್ದರು, ಗಂಡಸರಾಗಿದ್ದರೆ ಕಾರ್ಖಾನೆಯಲ್ಲಿ ಉಳಿಯುತ್ತಿದ್ದರು. ಎರಡೂ ಆಗಿಲ್ಲದವರು ನಡುವಿನ ಸಂದಿಯಲ್ಲಿ ಬಿದ್ದುಹೋದರು. ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ ಎಂಬ ಕಪ್ಪು ವಿದುಷಿ 1989ರಲ್ಲಿ ಈ ಮೊಕದ್ದಮೆಯನ್ನೇ ಎತ್ತಿಕೊಂಡು, ನಾಲ್ಕು ದಾರಿ ಕೂಡುವಲ್ಲಿ ನಿಂತವಳಿಗೆ ಎರಡು ಕಡೆಯಿಂದಲೂ ಗಾಡಿ ಬಂದು ಬಡಿಯುತ್ತದೆ ಎಂದು ವಿವರಿಸಿದ ಮೇಲೆ ಪ್ರಪಂಚಕ್ಕೆ ಆ ಸಂದಿ ಕಾಣತೊಡಗಿತು. ಸೆಕ್ಯೂರಿಟಿಯ ಸಿದ್ದಿ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಲು ಅವನ ಮೈಕಟ್ಟು ಒಪ್ಪಿಗೆಯಾಯಿತು. ಸ್ವಾಗತದಲ್ಲಿ ಕೂರಲು ನಿಮ್ಮ ಮುಖ ಒಪ್ಪಿಗೆಯಾಗಲಿಲ್ಲ. ಇವೆರಡೂ ಒಂದೇ ಅಳತೆಗೋಲು.

ನಮ್ಮ ಕಾನೂನಿನ ಬಗ್ಗೆ ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಕೂದಲಿನ ಸಹಜ ರೂಪವನ್ನು ನೆಪ ಮಾಡಿ ಉದ್ಯೋಗದಲ್ಲಿ ಭೇದ ಮಾಡಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನು ಮಾಡಿತು, ಅಲ್ಲಿನ ಇನ್ನೂ ಹಲವು ರಾಜ್ಯಗಳು ಹಿಂಬಾಲಿಸಿದವು. ನಮ್ಮಲ್ಲಿ ಸಂವಿಧಾನದ 15 ಮತ್ತು 16ನೇ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆಯೇ ಹೊರತು, ಖಾಸಗಿ ಕಂಪನಿ ಮುಖ ನೋಡಿ ಕುರ್ಚಿ ಬದಲಿಸುವುದನ್ನು ನೇರವಾಗಿ ತಡೆಯುವುದಿಲ್ಲ. ಆದರೆ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ ದಿನದಿಂದ 1989ರ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ಬೆನ್ನಿಗಿದೆ. ಪಂಗಡದವರೆಂಬ ಕಾರಣಕ್ಕೆ ನಾಲ್ಕು ಜನರ ಕಣ್ಣೆದುರು ಬೇಕೆಂದೇ ಅವಮಾನಿಸುವುದು ಅದರಡಿ ಅಪರಾಧ. ವಿಭಾಗ ಬದಲಿಸಿದ್ದಷ್ಟೇ ಅದರೊಳಗೆ ಬರುವುದು ಕಷ್ಟ. ಗ್ರಾಹಕರ ಮುಂದೆ, ಸಹೋದ್ಯೋಗಿಗಳ ಮುಂದೆ ಏನು ಆಡಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ವಕೀಲರೇ ತೂಗಿ ನೋಡಬೇಕು. ಹೆಂಗಸರಿಗೂ ಪರಿಶಿಷ್ಟ ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ನೀವು ಎರಡೂ ಹೌದು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100, ದೌರ್ಜನ್ಯದ ದೂರಿಗೆ 14566.

ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಮೇಲಧಿಕಾರಿ ಇದೆಲ್ಲವನ್ನೂ ಬಾಯಿಮಾತಿನಲ್ಲಿ ಹೇಳಿದ್ದಾರೆ. ನೀವು ಅದನ್ನು ಬರಹಕ್ಕೆ ತನ್ನಿ. ‘ಇಂಥ ದಿನ ಕರೆದು, ಕೂದಲನ್ನು ನೇರ ಮಾಡಿಸಿಕೊಳ್ಳದಿದ್ದರೆ ಕಡತ ವಿಭಾಗಕ್ಕೆ ಹೋಗಬೇಕೆಂದು ತಾವು ತಿಳಿಸಿದಿರಿ. ಇದು ಕಂಪನಿಯ ಯಾವ ನಿಯಮದಡಿ ಬರುತ್ತದೆ, ನನ್ನ ಕೆಲಸದಲ್ಲಿ ಯಾವ ಕೊರತೆ ಕಂಡಿದೆ, ದಯವಿಟ್ಟು ತಿಳಿಸಬೇಕು’ ಎಂದು ಮಾನವ ಸಂಪನ್ಮೂಲ ವಿಭಾಗಕ್ಕೂ ಪ್ರತಿ ಹೋಗುವಂತೆ ಇಮೇಲ್ ಮಾಡಿ, ಅದರ ಒಂದು ಪ್ರತಿಯನ್ನು ನಿಮ್ಮ ಸ್ವಂತ ವಿಳಾಸದಲ್ಲಿ ಇಟ್ಟುಕೊಳ್ಳಿ. ನಾಲ್ಕು ವರ್ಷದ ಕೆಲಸದ ಮೌಲ್ಯಮಾಪನಗಳನ್ನೂ ಜೊತೆಗೆ ತೆಗೆದಿಡಿ. ಇಷ್ಟು ದಿನ ನೀವು ಯಾರೆಂದು ನೀವೇ ರುಜುವಾತು ಮಾಡುತ್ತಾ ಬಂದಿರಿ. ಕಾರಣ ಕೊಡುವ ಹೊರೆ ಇನ್ನು ಅವರದಾಗಲಿ. ಮಾತಿನಲ್ಲಿ ಸಲೀಸಾಗಿ ಆಡಿದ್ದನ್ನು ಕಾಗದದ ಮೇಲೆ ಸಹಿ ಹಾಕಿ ಹೇಳಲು ಹೆಚ್ಚಿನವರು ಹಿಂಜರಿಯುತ್ತಾರೆ, ಆ ಹಿಂಜರಿಕೆಯೇ ಎಷ್ಟೋ ಸಲ ಕೆಲಸ ಉಳಿಸುತ್ತದೆ. ಉಳಿಸದೆಯೂ ಇರಬಹುದು. ಆದ್ದರಿಂದ ಬೇರೆ ಕಡೆಗೂ ಈಗಿನಿಂದಲೇ ಅರ್ಜಿ ಹಾಕಿ, ಆದರೆ ಕೈಯಲ್ಲಿ ಇನ್ನೊಂದು ಕೆಲಸ ಬರುವತನಕ ರಾಜೀನಾಮೆ ಬರೆಯಬೇಡಿ.

ಕೊರಳಿಗೆ ಕಟ್ಟಿಕೊಳ್ಳಬೇಕೆನಿಸುವ ಆ ಚೀಟಿಯ ಬಗ್ಗೆ ನಿಮ್ಮೊಡನೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕೆನಿಸಿದೆ. ನಾನು ಸಿದ್ದಿಯಲ್ಲ. ಮನೆ ಬಾಡಿಗೆಗೆ ಹೋದಾಗ ನನ್ನನ್ನು ಜಾತಿ ಕೇಳಿದ್ದುಂಟು, ಪಾಸ್‌ಪೋರ್ಟ್ ಯಾರೂ ಕೇಳಿಲ್ಲ. ಹಾಗಾಗಿ ನಿಮ್ಮ ದಣಿವನ್ನು ಪೂರ್ತಿ ಬಲ್ಲೆನೆಂದು ಹೇಳಿಕೊಳ್ಳಲಾರೆ. ನೀವು ಕನ್ನಡ ನಾಡಿನವರು ಎಂಬುದು ನಿಜ. ನಿಮ್ಮ ಹಿರಿಯರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಶತಮಾನಗಳ ಹಿಂದೆ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡುಗಳಲ್ಲಿ ನೆಲೆ ನಿಂತರು. ಬೆಂಗಳೂರಿನಲ್ಲಿ ನಿಮಗೆ ದೇಶ ಯಾವುದೆಂದು ಕೇಳುವ ಎಷ್ಟೋ ಮನೆತನಗಳು ಈ ನಗರಕ್ಕೆ ಬಂದು ಮೂರು ತಲೆಮಾರೂ ಆಗಿರುವುದಿಲ್ಲ. ಇಷ್ಟಿದ್ದೂ ‘ನಾನು ಆಫ್ರಿಕಾದವಳಲ್ಲ’ ಎಂಬ ಮಾತನ್ನು ಗುರಾಣಿಯಾಗಿ ಹಿಡಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ. 2016ರ ಜನವರಿ ಕೊನೆಯ ದಿನ ಇದೇ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಹೆಂಗಸೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಕಾರಿನಲ್ಲಿ ಅಲ್ಲಿಗೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದೆಳೆದು ಹೊಡೆಯಿತು, ಅವಳ ಬಟ್ಟೆ ಹರಿಯಿತು. ಅಪಘಾತಕ್ಕೂ ಅವಳಿಗೂ ಸಂಬಂಧವಿರಲಿಲ್ಲ. ಅವಳ ಮೈಬಣ್ಣವನ್ನೇ ಸಂಬಂಧವೆಂದು ಆ ಗುಂಪು ತಿಳಿಯಿತು. ಆ ರಾತ್ರಿ ನಿಮ್ಮ ಕೊರಳಲ್ಲಿ ಚೀಟಿ ಇದ್ದಿದ್ದರೂ ಯಾರೂ ಓದುತ್ತಿರಲಿಲ್ಲ. ಓದಿ ನಿಮ್ಮನ್ನು ಬಿಟ್ಟಿದ್ದರೂ, ಅವಳನ್ನು ಹೊಡೆಯುವುದು ಸರಿ ಎಂದಾಗುತ್ತಿತ್ತು. ಕೇಳಿದವರಿಗೆ ‘ಯಲ್ಲಾಪುರ’ ಎಂದಷ್ಟೇ ಹೇಳಿ ಮುಂದಿನ ಕೆಲಸಕ್ಕೆ ತೊಡಗಿ. ನಿಮ್ಮ ಚರಿತ್ರೆಯನ್ನು ಪ್ರತಿ ಗ್ರಾಹಕನಿಗೂ ಕಲಿಸುವುದು ನಿಮ್ಮ ಕೆಲಸದ ಕರಾರಿನಲ್ಲಿಲ್ಲ.

ಬಾಡಿಗೆ ಮನೆಯ ವಿಷಯದಲ್ಲಿ ಹೆಚ್ಚಿಗೆ ಹೇಳಲು ನನ್ನಲ್ಲಿಲ್ಲ. ಆಧಾರ್ ಸಾಕು, ಜಾತಿ ಪ್ರಮಾಣಪತ್ರವನ್ನು ಮನೆ ಮಾಲೀಕರಿಗೆ ತೋರಿಸಲು ಹೋಗಬೇಡಿ, ಸಾಧ್ಯವಾದರೆ ಪರಿಚಯದವರ ಮೂಲಕವೇ ಮನೆ ಹುಡುಕಿ. ಈ ಸಲಹೆ ಎಷ್ಟು ಬಡಕಲು ಎಂದು ನನಗೆ ಗೊತ್ತಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೂದಲೂ ಅಲ್ಲ, ಕುರ್ಚಿಯೂ ಅಲ್ಲ. ಅವ್ವನಿಗೆ ಏನೂ ಹೇಳಿಲ್ಲ ಎಂಬ ಸಾಲು. ಊರಿನಿಂದ ಹೊರಟ ಮೊದಲ ಹುಡುಗಿಗೆ ಸೋಲುವ ಹಕ್ಕನ್ನು ಯಾರೂ ಕೊಟ್ಟಿರುವುದಿಲ್ಲ. ತನ್ನ ಹಿಂದೆ ಬರಬೇಕಾದ ಹುಡುಗಿಯರೆಲ್ಲ ತನ್ನ ಬೆನ್ನ ಮೇಲೆ ಕೂತಿದ್ದಾರೆಂದು ಅವಳೂ ನಂಬಿರುತ್ತಾಳೆ. ಅದರ ಜೊತೆಗೆ ಸಿದ್ದಿಗಳೆಂದರೆ ಗಟ್ಟಿ ಜನ, ಏನನ್ನೂ ತಡೆದುಕೊಳ್ಳುತ್ತಾರೆ ಎಂಬ ಹೊಗಳಿಕೆ ಬೇರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆ, ಜಿಗಿತಕ್ಕೆಂದು ಆರಿಸಿ ತರಬೇತಿಗೆ ಕರೆದೊಯ್ದದ್ದೂ ಮೈಯೊಳಗಿನ ಆಫ್ರಿಕಾದ ಕಸುವನ್ನು ನಂಬಿಯೇ. ಕೆಲವು ಒಳ್ಳೆಯ ಕ್ರೀಡಾಪಟುಗಳು ಬಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಗಿ ಮಕ್ಕಳು ಮನೆಗೆ ಮರಳಿದರು. ನಿಮ್ಮವರ ಕುಣಿತ, ಹಾಡು, ನಿಮ್ಮ ಅಜ್ಜಿಯಂಥವರು ಹಳೆಯ ಸೀರೆಯ ತುಂಡುಗಳಿಂದ ಅಂಚಿನಿಂದ ನಡುವಿನತ್ತ ಹೊಲಿಯುತ್ತಾ ಬರುವ ಕವಂದಿಯೆಂಬ ಕೌದಿ ಎಲ್ಲವೂ ನಾಡಿಗೆ ಪ್ರಿಯ. ಮೈಗೆ ನೋವಾಗುತ್ತದೆ, ಮನಸ್ಸಿಗೆ ದಣಿವಾಗುತ್ತದೆ ಎಂದು ಸಿದ್ದಿ ಹೆಣ್ಣೊಬ್ಬಳು ಹೇಳಿದರೆ ಕೇಳಿಸಿಕೊಳ್ಳುವ ಕಿವಿಗಳು ಮಾತ್ರ ಕಡಿಮೆ. ಆ ಕಡಿಮೆ ಕಿವಿಗಳಲ್ಲಿ ನಿಮ್ಮ ಅವ್ವನನ್ನೂ ನೀವೇ ಹೊರಗಿಟ್ಟಿದ್ದೀರಿ.

ಅವರು ‘ತಗ್ಗಿ ಬಗ್ಗಿ ನಡೆ, ಕೆಲಸ ಉಳಿಸಿಕೋ’ ಎನ್ನಬಹುದು. ಇನ್ನೊಬ್ಬರ ಅಡಿಕೆ ತೋಟದಲ್ಲಿ ದುಡಿದು, ಮುಂಗಡ ಪಡೆದ ಸಾಲಕ್ಕೆ ಮುಂದಿನ ವರ್ಷದ ಕೂಲಿಯನ್ನೂ ಬರೆದುಕೊಟ್ಟ ತಲೆಮಾರುಗಳು ನಿಮ್ಮ ಸಮುದಾಯದಲ್ಲಿ ಇದ್ದವು, ಎದುರು ಮಾತಾಡಿದರೆ ಏನಾಗುತ್ತದೆಂದು ಆ ಹೆಂಗಸರಿಗೆ ಗೊತ್ತು. ಆ ಭಯವನ್ನು ಹೇಡಿತನವೆಂದು ತಿಳಿಯಬೇಡಿ, ಹಾಗೆಂದು ಅದನ್ನೇ ಸಲಹೆಯೆಂದು ತೆಗೆದುಕೊಳ್ಳಲೂಬೇಡಿ. ನಿಮ್ಮನ್ನು ನೋಡಿ ಶಾಲೆಗೆ ಹೊರಟ ಹುಡುಗಿಯರಿಗೆ ನಗರದಲ್ಲಿ ಎಲ್ಲವೂ ಚೆನ್ನಾಗಿದೆ ಎಂಬ ಚಿತ್ರಕ್ಕಿಂತ, ಇಂಥ ದಿನ ಹೀಗೆಂದರು, ನಾನು ಹೀಗೆ ಬರೆದುಕೊಟ್ಟೆ ಎಂಬ ಅನುಭವ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಸಮುದಾಯದ ಮೊದಲ ದನಿ ಶಾಸನಸಭೆಗೆ ಬಂತು. ಕಚೇರಿಗಳಲ್ಲಿ, ಬಾಡಿಗೆ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಆಗುವುದನ್ನು ಹೇಳುವ ದನಿ ಇನ್ನೂ ಬೇಕಿದೆ, ಅದು ಒಂಟಿಯಾಗಿ ಹುಟ್ಟುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಮ ಊರ ಕಡೆಯ ಹುಡುಗಿಯರು ನರ್ಸಿಂಗ್ ಓದುತ್ತಲೋ ಅಂಗಡಿಗಳಲ್ಲಿ ದುಡಿಯುತ್ತಲೋ ಇದ್ದೇ ಇರುತ್ತಾರೆ, ಅವರನ್ನು ಹುಡುಕಿ. ಸೆಕ್ಯೂರಿಟಿಯ ಆ ಹುಡುಗನೊಡನೆ ಒಮ್ಮೆ ಕುಳಿತು ಚಹಾ ಕುಡಿಯಿರಿ. ಅವನನ್ನು ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸಿದ್ದಾರೆಂಬುದು ಬಹುಶಃ ಅವನಿಗೆ ಗೊತ್ತೇ ಇಲ್ಲ.

ಊರಿಗೆ ಮರಳುವ ಯೋಚನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅಲ್ಲಿ ಮಾಡಬೇಕೆನಿಸುವ ಕೆಲಸವಿದ್ದರೆ ಹೋಗಿ. ಇಲ್ಲಿಂದ ಓಡಿಸಿದರೆಂದು ಹೋಗುವುದಾದರೆ ಮಾತ್ರ ಒಂದು ವರ್ಷ ತಡೆಯಿರಿ.

ಸದ್ಯಕ್ಕೆ, ತಿಂಗಳ ಕೊನೆಗೆ ಮೊದಲು ಒಂದು ಶನಿವಾರ ರಾತ್ರಿಯ ಬಸ್ಸು ಹತ್ತಿ ಮನೆಗೆ ಹೋಗಿಬನ್ನಿ. ಇಮೇಲನ್ನು ಅವ್ವನಿಗೆ ಓದಿ ಹೇಳಿ. ವಾರ್ಷಿಕೋತ್ಸವದಲ್ಲಿ ಡಮಾಮಿ ಕುಣಿಯಬೇಕೋ ಬೇಡವೋ ಎಂಬುದನ್ನು ನಾನು ಹೇಳಬಾರದು, ಮೇಲಧಿಕಾರಿಯಂತೂ ಹೇಳಲೇಬಾರದು. ಅದು ನಿಮ್ಮ ಅಜ್ಜಿಯನ್ನು ಕೇಳಬೇಕಾದ ಪ್ರಶ್ನೆ. ಅವರ ಪಕ್ಕದಲ್ಲಿ ಕುಳಿತು, ಅಂದು ದೀಪಾವಳಿಯಲ್ಲಿ ತಲೆಯ ಮೇಲಿಂದ ಕೈ ಯಾಕೆ ತೆಗೆದಿರಿ ಎಂದು ಕೇಳಿ. ಅವರು ಏನೆಂದರೆಂದು ನನಗೂ ಬರೆಯಿರಿ.