ಟಕ್ ಟಕ್ ಸದ್ದು ಎಲ್ಲಿಂದ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್ ಕಾರು 68,000 ಕಿ.ಮೀ. ಓಡಿದೆ. ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮುಂದಿನ ಎಡಗಡೆ ಟಕ್ ಟಕ್ ಎನ್ನುತ್ತದೆ. ಹಂಪ್ ಹಾರಿಸುವಾಗ ಮಾತ್ರ ಸದ್ದೇ ಇಲ್ಲ. ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಹೌದೇ?
– ತುಮಕೂರು

ಉತ್ತರ: ಸದ್ಯಕ್ಕೆ ಶಾಕ್ ಅಬ್ಸಾರ್ಬರ್‌ಗೆ ದುಡ್ಡು ಹಾಕಬೇಡಿ. ಹಂಪ್ ಮೇಲೆ ಸದ್ದಿಲ್ಲ ಎಂದು ನೀವು ಬರೆದದ್ದೇ ದೊಡ್ಡ ಸುಳಿವು. ಹಂಪ್ ಹತ್ತುವಾಗ ಎರಡೂ ಚಕ್ರ ಒಟ್ಟಿಗೆ ಮೇಲೇಳುತ್ತವೆ, ಅವೆರಡನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗ ಬಾರ್ ತಿರುಚಿಕೊಂಡು ಅದರ ತುದಿಯ ಲಿಂಕ್ ರಾಡನ್ನು ಎಳೆಯುತ್ತದೆ. ಲಿಂಕ್ ರಾಡಿನ ತುದಿಯ ಕೀಲಿನಲ್ಲಿರುವ ಗುಂಡು, ಅಂದರೆ ಬಾಲ್, ಸವೆದಿದ್ದರೆ ಆಗಲೇ ಟಕ್ ಎನ್ನುವುದು.

ಮೊದಲು ಬ್ರೇಕಿನ ಅನುಮಾನ ಕಳೆದುಕೊಳ್ಳಿ. ಸದ್ದು ಬರುವ ರಸ್ತೆಯಲ್ಲೇ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿಕೊಂಡು ಹೋಗಿ. ಸದ್ದು ನಿಂತರೆ ಅದು ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಪಿನ್ನಿನದು. ನಿಲ್ಲದಿದ್ದರೆ ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗ್ ಪೂರ್ತಿ ತಿರುಗಿಸಿಡಿ. ಚಕ್ರದ ಹಿಂದೆ ಕೈ ಹಾಕಿ ಲಿಂಕ್ ರಾಡಿನ ರಬ್ಬರ್ ಬೂಟ್ (ಬಾಲ್ ಮೇಲಿನ ಹೊದಿಕೆ) ಇರುವ ತುದಿಯನ್ನು ಬೆರಳುಗಳಲ್ಲಿ ಹಿಡಿಯಿರಿ. ಇನ್ನೊಬ್ಬರು ಕಾರನ್ನು ಅತ್ತಿತ್ತ ಅಲ್ಲಾಡಿಸಲಿ. ಸವೆದ ಬಾಲ್ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಸಣ್ಣದಾಗಿ ಕುಟ್ಟಿದಂತೆ. ಮೇಲಿನ ತುದಿ, ಕೆಳಗಿನ ತುದಿ ಎರಡನ್ನೂ ನೋಡಿ.

ಶಾಕ್ ಅಬ್ಸಾರ್ಬರ್ ಕೆಟ್ಟಿದ್ದರೆ ಅದರ ಗುರುತೇ ಬೇರೆ: ಮೈಮೇಲೆ ಆಯಿಲ್ ಹರಿದಿರುತ್ತದೆ, ಕಾರಿನ ಮೂಲೆಯನ್ನು ಒತ್ತಿ ಬಿಟ್ಟರೆ ಒಮ್ಮೆ ಎದ್ದು ನಿಲ್ಲದೆ ಎರಡು ಮೂರು ಸಲ ಜೀಕುತ್ತದೆ. ತೆಳ್ಳಗೆ ಧೂಳು ಅಂಟಿದ ಜಿಡ್ಡು ಕಂಡರೆ ಹೆದರಬೇಕಿಲ್ಲ.

ಲಿಂಕ್ ರಾಡ್ ಬದಲಿಸುವಾಗ ನಟ್ಟಿನ ಜತೆ ಬಾಲ್ ಪಿನ್ ಕೂಡ ತಿರುಗುತ್ತದೆ. ಪಿನ್ನಿನ ತುದಿಯನ್ನು ಆಲನ್ ಕೀಯಿಂದ ಹಿಡಿದುಕೊಂಡು ನಟ್ ಮಾತ್ರ ತಿರುಗಿಸಿ (ಕೆಲವು ಕಾರುಗಳಲ್ಲಿ ಬೂಟಿನ ಹಿಂದೆ ಸ್ಪ್ಯಾನರ್ ಹಿಡಿಯುವ ಜಾಗ ಇರುತ್ತದೆ). ಹಿಡಿಯದೆ ತಿರುಗಿಸಿದರೆ ಹೊಸ ರಾಡಿನ ಬೂಟ್ ಅಲ್ಲೇ ಹರಿಯುತ್ತದೆ. ನಟ್ ಹೊಸದೇ ಇರಲಿ, ಎರಡೂ ಬದಿ ಒಟ್ಟಿಗೆ ಬದಲಿಸಿ.

ಪ್ರಶ್ನೆ: ಲೋವರ್ ಆರ್ಮ್ ಬುಶ್ ಹಾಕಿಸಿ ನಾಲ್ಕೇ ತಿಂಗಳು. ಆಗಲೇ ಹರಿದು ಕಿರ್ ಕಿರ್ ಎನ್ನುತ್ತಿದೆ. ಡೂಪ್ಲಿಕೇಟ್ ಮಾಲು ಇರಬಹುದೇ?
– ಸಾಗರ

ಉತ್ತರ: ಇರಬಹುದು. ಆದರೆ ಅದಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಬೋಲ್ಟ್ ಬಿಗಿ ಮಾಡಿದ ರೀತಿ. ಲೋವರ್ ಆರ್ಮ್ ಎಂದರೆ ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ತೋಳು, ಅದರ ಬುಡದ ಕೀಲಿನಲ್ಲಿರುವುದು ಬುಶ್. ಈ ಬುಶ್ಶಿನ ರಬ್ಬರು ಒಳಗಿನ, ಹೊರಗಿನ ಎರಡೂ ಉಕ್ಕಿನ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಒಳಕೊಳವೆ ಅಲ್ಲಾಡುವುದಿಲ್ಲ, ಆರ್ಮ್ ಏರಿಳಿದಷ್ಟೂ ರಬ್ಬರೇ ತಿರುಚಿಕೊಳ್ಳಬೇಕು. ಕಾರನ್ನು ಎತ್ತಿ, ಚಕ್ರ ನೇತಾಡುವಾಗಲೇ ಬಿಗಿ ಮಾಡಿದರೆ ಕಾರು ನೆಲಕ್ಕಿಳಿದ ಗಳಿಗೆಯಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿರುತ್ತದೆ. ನಿಂತ ಕಾರಿನಲ್ಲೂ ಅದಕ್ಕೆ ಬಿಡುವಿಲ್ಲ. ಅಷ್ಟರ ಮೇಲೆ ಗುಂಡಿ ಬಂದರೆ ಹರಿಯದೆ ಇನ್ನೇನು?

ಹೊಸ ಬುಶ್ ಹಾಕಿಸುವಾಗ ಹತ್ತಿರ ನಿಂತು ನೋಡಿ. ಬೋಲ್ಟುಗಳನ್ನು ಸಡಿಲವಾಗಿಯೇ ಕೂರಿಸಿ, ಕಾರನ್ನು ಚಕ್ರದ ಮೇಲೆ ಇಳಿಸಿ, ಎರಡು ಸಲ ಒತ್ತಿ ಅಲ್ಲಾಡಿಸಿ, ಆಮೇಲೆ ಪಿಟ್‌ನಲ್ಲಿ ಇಳಿದು ಕಂಪನಿಯ ಟಾರ್ಕ್ ಅಳತೆಗೆ ಬಿಗಿ ಮಾಡಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್.

ಇನ್ನೊಂದು. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಿರಲಿ ಎಂದು ಕಾರಿನ ಅಡಿಗೆ ಡೀಸೆಲ್, ವೇಸ್ಟ್ ಆಯಿಲ್ ಹೊಡೆಸುವ ರೂಢಿ ನಿಮ್ಮ ಕಡೆ ಇದ್ದರೆ ದಯವಿಟ್ಟು ಬಿಡಿ. ರಬ್ಬರು ಎಣ್ಣೆ ಕುಡಿದು ಊದಿ, ಮೆತ್ತಗಾಗುತ್ತದೆ. ಯಾವ ಬುಶ್ ಕಿರುಗುಟ್ಟುತ್ತಿದೆ ಎಂದು ತಿಳಿಯಲು ಒಂದೊಂದಕ್ಕೇ ನೀರು ಚಿಮುಕಿಸಿ, ಕಾರನ್ನು ಒತ್ತಿ ನೋಡಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಲ್ಲುತ್ತದೋ ಅದೇ. ಹಚ್ಚಲೇಬೇಕೆಂದರೆ ಸಿಲಿಕೋನ್ ಗ್ರೀಸ್ ಹಚ್ಚಿ.

ಪ್ರಶ್ನೆ: ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಟಣ್ ಎನ್ನುತ್ತದೆ.
– ಗದಗ

ಉತ್ತರ: ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ಮೇಲಿನ ಬೇರಿಂಗ್ ಬಿಗಿದುಕೊಂಡಿರಬೇಕು. ಒಬ್ಬರು ಸ್ಟಿಯರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಮೇಲೆ ಅಂಗೈ ಇಡಿ, ಸುರುಳಿಗಳ ನಡುವೆ ಬೆರಳು ತೂರಿಸಬೇಡಿ. ಸ್ಪ್ರಿಂಗ್ ಸಲೀಸಾಗಿ ತಿರುಗದೆ, ಬಿಗಿದುಕೊಂಡು ಒಮ್ಮೆಲೇ ಹಾರಿದರೆ ಅದೇ ದೋಷ. ಸ್ಟ್ರಟ್ಟಿನ ನಟ್ಟನಡುವಿನ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಯಾರೂ ಬಿಚ್ಚಬಾರದು, ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಕಾರು ಚಲಿಸುತ್ತ ತಿರುಗುವಾಗ ಕಟ ಕಟ ಎಂದರೆ ಅದು ಆಕ್ಸಲ್ ಜಾಯಿಂಟಿನದು, ಸಸ್ಪೆನ್ಶನ್‌ದಲ್ಲ.

ಪ್ರಶ್ನೆ: ಸದ್ದು ಇದ್ದರೂ ಸ್ವಲ್ಪ ದಿನ ಓಡಿಸಬಹುದೇ?
– ಪುತ್ತೂರು

ಉತ್ತರ: ಲಿಂಕ್ ರಾಡಿನ ಸದ್ದಾದರೆ ಕೆಲವು ದಿನ ನಿಧಾನವಾಗಿ ಓಡಿಸಬಹುದು. ಲೋವರ್ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಲೋವರ್ ಬಾಲ್ ಜಾಯಿಂಟ್ ಆದರೆ ಒಂದು ದಿನವೂ ಬೇಡ, ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಕಂಡರೆ ದೋಷ ಬಾಲ್ ಜಾಯಿಂಟಿನದು ಅಥವಾ ವೀಲ್ ಬೇರಿಂಗಿನದು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗಲೂ ಆಟ ಉಳಿದರೆ ಬಾಲ್ ಜಾಯಿಂಟೇ ಎಂದು ತಿಳಿದು, ಕಾರನ್ನು ಟೋ ಮಾಡಿಸಿ.