ಯೊಂಗಿನ್ ಸಿಟಿಯ 2012ರ ಫಲಿತಾಂಶ ಎಲ್ಲೂ ಸಿಗ್ತಿಲ್ಲ ಅಂದವರಿಗೆ

ದಕ್ಷಿಣ ಕೊರಿಯಾದ ಫುಟ್‌ಬಾಲ್ ತಂಡ ಯೊಂಗಿನ್ ಸಿಟಿಯ ಫಲಿತಾಂಶದ ಜೊತೆಗೆ, ನಿಮ್ಮ ಹತ್ತಿರ ಇರೋ ಸ್ಕಾರ್ಫ್ ಯಾವ ಕ್ಲಬ್‌ದು ಅಂತಲೂ ಕೇಳಿದ್ರಿ. ನೀವು ಹುಡುಕ್ತಿರೋದು ಬಹುಶಃ ಅಲ್ಲಿನ ವೃತ್ತಿಪರ ಲೀಗ್ ಆದ ಕೆ ಲೀಗ್‌ನ ಪಟ್ಟಿಯಲ್ಲಿ. ಅಲ್ಲಿ ಸಿಗಲ್ಲ. ಯೊಂಗಿನ್ ಸಿಟಿ (2010–2016) ಆಡಿದ್ದು ಕೊರಿಯಾ ನ್ಯಾಷನಲ್ ಲೀಗ್‌ನಲ್ಲಿ. ಅದು ನಗರಾಡಳಿತಗಳ, ಕಂಪನಿಗಳ ತಂಡಗಳಿದ್ದ ಅರೆವೃತ್ತಿಪರ ಲೀಗ್, 2019ಕ್ಕೆ ಮುಗೀತು. 2026ರಲ್ಲಿ ಕೆ ಲೀಗ್ 2ಕ್ಕೆ (ಕೆ ಲೀಗ್‌ನ ಎರಡನೇ ದರ್ಜೆ) ಬಂದ ಯೊಂಗಿನ್ ಎಫ್‌ಸಿ ಬೇರೆಯೇ ಕ್ಲಬ್. ಸರ್ಚ್‌ನಲ್ಲಿ ಹಳೆಯದನ್ನೆಲ್ಲ ಮುಚ್ಚಿಹಾಕೋದು ಅದೇ.

ಮೊದಲು ‘ಯೊಂಗಿನ್ ಸಿಚಿಯೊಂಗ್’ ಅಂತ ಕೊರಿಯನ್ ಲಿಪಿಯಲ್ಲಿ (용인시청) ಟೈಪ್ ಮಾಡಿ. ಸಿಚಿಯೊಂಗ್ ಅಂದ್ರೆ ನಗರಾಡಳಿತದ ಕಚೇರಿ; ಇಂಥ ತಂಡಗಳಿಗೆ ಅಲ್ಲಿನವರು ಹೇಳೋದೇ ಹಾಗೆ. ಆಮೇಲೆ ಪಕ್ಕದಲ್ಲಿ ‘ನ್ಯಾಷನಲ್ ಲೀಗ್ 2012’ ಸೇರಿಸಿ. ಆಗಲೂ ಸಿಗದಿದ್ರೆ ಎದುರಾಳಿ ತಂಡದ ಹೆಸರಿನಿಂದ ಹುಡುಕಿ, ಉದಾಹರಣೆಗೆ ಅದೇ ಲೀಗ್‌ನಲ್ಲಿದ್ದ ಉಲ್ಸಾನ್ ಹ್ಯುಂಡೈ ಮಿಪೊ. ನನಗೆ ಹೆಚ್ಚು ಸಲ ಕೈಹಿಡಿದಿದ್ದು ಇದೇ ದಾರಿ. ನಿಮ್ಮ ಸ್ಕಾರ್ಫ್ ಯಾವ ಕ್ಲಬ್‌ದು ಅನ್ನೋದನ್ನ ಮಾತ್ರ ಫೋಟೋ ನೋಡದೆ ಹೇಳಲಾರೆ, ಲಾಂಛನ ಕಾಣೋ ಹಾಗೆ ಒಂದು ಹಾಕಿ.